ಫೋಟೋ ತೆಗೆದವರು ಎಲ್ಲಿ?

ಹಳೆಯ ಆಲ್ಬಮ್ ತೆರೆದರೆ ಮನೆಮಂದಿಯೆಲ್ಲ ಸಿಗುತ್ತಾರೆ, ಫೋಟೋ ತೆಗೆದವರು ಮಾತ್ರ ಸಿಗುವುದಿಲ್ಲ. ನಮ್ಮ ಮನೆಯ ಆಲ್ಬಮಿನಲ್ಲಿ ನನ್ನ ಸೋದರತ್ತೆ ಇರುವುದು ಎರಡೇ ಚಿತ್ರಗಳಲ್ಲಿ. ಉಳಿದವನ್ನು ತೆಗೆದವರು ಅವರೇ. ಕೈಯಲ್ಲಿದ್ದದ್ದು ಆಗ್ಫಾ ಕ್ಲಿಕ್ 3. ಅತ್ತೆಯಂಥವರ ಕೈಗೆ ಮೊದಲ ಕ್ಯಾಮೆರಾ ಬಂದದ್ದು ಹೇಗೆ ಎಂದು ತಿಳಿಯಲು ಅಮೆರಿಕದವರೆಗೆ ಹೋಗಬೇಕು.

ಹತ್ತೊಂಬತ್ತನೇ ಶತಮಾನದಲ್ಲಿ ಬಹುಕಾಲ ಫೋಟೋಗ್ರಫಿ ಎಂದರೆ ಗಾಜಿನ ಪ್ಲೇಟು, ಮುಕ್ಕಾಲಿ ಸ್ಟ್ಯಾಂಡು, ಕತ್ತಲೆ ಕೋಣೆ, ಕೈ ಕಪ್ಪಾಗಿಸುವ ರಾಸಾಯನಿಕ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಕೊಡಕ್ ಕ್ಯಾಮೆರಾ ತಂದರು. ಒಳಗೆ 100 ಚಿತ್ರಗಳಿಗಾಗುವ ರೀಲು. ಅದು ಮುಗಿದ ಮೇಲೆ ಕ್ಯಾಮೆರಾವನ್ನೇ ರಾಚೆಸ್ಟರಿನ ಕಾರ್ಖಾನೆಗೆ ಕಳಿಸಿದರೆ, ಪ್ರಿಂಟುಗಳ ಜೊತೆ ಹೊಸ ರೀಲು ತುಂಬಿ ವಾಪಸು ಬರುತ್ತಿತ್ತು. ಬೆಲೆ 25 ಡಾಲರ್, ಉಳ್ಳವರಿಗೆ ಮಾತ್ರ. ಕಂಪನಿಯ ಜಾಹೀರಾತುಗಳಲ್ಲಿ ಕ್ಯಾಮೆರಾ ಹಿಡಿದ ಹುಡುಗಿ ಕಾಣಿಸಿಕೊಂಡದ್ದು 1890ರ ದಶಕದಲ್ಲಿ. ಸ್ವತಂತ್ರವಾಗಿ ತಿರುಗಾಡುವ ಹೆಣ್ಣಿನ ಚಿತ್ರ ಅದು, ನಿಜ. ಆದರೆ ‘ಇವಳಿಗೇ ಬರುತ್ತದೆ ಎಂದರೆ ಯಾರಿಗಾದರೂ ಬಂದೀತು’ ಎಂಬ ದನಿಯೂ ಅದರಲ್ಲಿತ್ತು ಎಂದು ನನಗನ್ನಿಸುತ್ತದೆ.

1900ರಲ್ಲಿ ಬಂದ ಬ್ರೌನಿಯದು ಬೇರೆಯೇ ಕಥೆ. ಬೆಲೆ ಒಂದೇ ಡಾಲರ್! ಪಾಲ್ಮರ್ ಕಾಕ್ಸ್ ಬರೆಯುತ್ತಿದ್ದ ಮಕ್ಕಳ ಕಥೆಗಳ ಕುಳ್ಳ ತುಂಟರ ಹೆಸರನ್ನೇ ಅದಕ್ಕಿಟ್ಟು ಮಕ್ಕಳಿಗೆಂದು ಮಾರಿದರು. ರಟ್ಟಿನ ಡಬ್ಬಿ, ಮೇಲೆ ಚರ್ಮದಂತೆ ಕಾಣುವ ಹೊದಿಕೆ. ಮೊದಲ ಬ್ರೌನಿಗೆ ನೋಡುವ ಕಿಂಡಿಯೂ ಇರಲಿಲ್ಲ. ಡಬ್ಬಿಯ ಮೇಲಿನ ಎರಡು ಗೆರೆಗಳೇ ಗುರಿ ತೋರಿಸಬೇಕು. ಆರು ಚಿತ್ರಗಳ ರೀಲಿಗೆ 15 ಸೆಂಟ್.

ನಮ್ಮಲ್ಲಿ ಎಷ್ಟೋ ಮನೆಗಳ ಮೊದಲ ಕ್ಯಾಮೆರಾ ಆದದ್ದು ಬರೋಡಾದಲ್ಲಿ ತಯಾರಾಗುತ್ತಿದ್ದ ಕ್ಲಿಕ್ 3. 120 ರೀಲಿನಲ್ಲಿ 12 ಚೌಕ ಚಿತ್ರಗಳು. ಬಿಸಿಲಿಗೊಂದು, ಮೋಡಕ್ಕೊಂದು, ಆಕಾಶದ ಮೋಡಗಳು ಎದ್ದು ಕಾಣಲು ಹಳದಿ ಗಾಜಿನದೊಂದು, ಹೀಗೆ ಮೂರೇ ಆಯ್ಕೆ. ಕಲಿಯುವುದು ಸ್ವಲ್ಪ, ತಪ್ಪುವುದು ಬಹಳ. ಸುಮಾರು ಹತ್ತು ಅಡಿ ದೂರ ನಿಲ್ಲದಿದ್ದರೆ ಮುಖ ಮಸುಕು. ಉಸಿರು ಬಿಗಿ ಹಿಡಿಯದಿದ್ದರೆ ಚಿತ್ರ ಅಲುಗಿತು. ಹಿಂದಿನ ಕೆಂಪು ಕಿಂಡಿಯಲ್ಲಿ ಅಂಕಿ ನೋಡಿಕೊಂಡು ರೀಲು ತಿರುಗಿಸಲು ಮರೆತರೆ ಅಜ್ಜಿಯ ಮೇಲೆ ಗಣಪತಿ ಬಂದು ಕೂರುತ್ತಿದ್ದ. ಎಲ್ಲ ಗೊತ್ತಾಗುವುದು ಸ್ಟುಡಿಯೋದಲ್ಲಿ ರೀಲು ತೊಳೆಸಿದ ಮೇಲೆಯೇ. ಹಾಗಾಗಿ ಅತ್ತೆ ಒಂದು ಚಿತ್ರಕ್ಕೆ ಮುಂಚೆ ನಮ್ಮನ್ನು ಐದು ನಿಮಿಷ ಬಿಸಿಲಲ್ಲಿ ನಿಲ್ಲಿಸುತ್ತಿದ್ದರು.

ಕ್ಯಾಮೆರಾ ಸಿಕ್ಕಿತು, ಹೆಸರು ಸಿಕ್ಕಿತೇ? ನಮ್ಮ ಮುಂಬಯಿಯಲ್ಲೇ ಓದಿದ ಹೋಮಾಯಿ ವ್ಯಾರಾವಾಲಾ ಅವರನ್ನು ನೋಡಿ. 1913ರಲ್ಲಿ ನವಸಾರಿಯಲ್ಲಿ ಹುಟ್ಟಿ, ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಮುಂದೆ ಪತಿಯಾದ ಮಾಣೆಕ್‌ಷಾ ಅವರಿಂದ ಫೋಟೋಗ್ರಫಿ ಅರಿತವರು. ಹೆಂಗಸರ ಪಿಕ್‌ನಿಕ್ಕಿನ ಅವರ ಚಿತ್ರಗಳು ‘ಬಾಂಬೆ ಕ್ರಾನಿಕಲ್’ನಲ್ಲಿ ಬಂದವು, ಸಂಭಾವನೆ ಚಿತ್ರಕ್ಕೊಂದು ರೂಪಾಯಿ. ಆದರೆ ಆರಂಭದ ದಿನಗಳಲ್ಲಿ ಅವರ ಚಿತ್ರಗಳ ಕೆಳಗೆ ಇರುತ್ತಿದ್ದದ್ದು ಮಾಣೆಕ್‌ಷಾ ಅವರ ಹೆಸರು. 1942ರಲ್ಲಿ ದೆಹಲಿಗೆ ಹೋದ ಮೇಲೆ ಸೀರೆಯುಟ್ಟು, ಭಾರದ ಕ್ಯಾಮೆರಾ ಹೊತ್ತು, ಸೈಕಲ್ ತುಳಿದು ಅವರು ಸ್ವಾತಂತ್ರ್ಯದ ದಿನಗಳನ್ನು ಚಿತ್ರಿಸಿದರು. 1970ರಲ್ಲಿ ಕ್ಯಾಮೆರಾ ಕೆಳಗಿಟ್ಟರು. ಪದ್ಮವಿಭೂಷಣ ಬಂದದ್ದು 2011ರಲ್ಲಿ. ಮರುವರ್ಷ ಜನವರಿಯಲ್ಲಿ ತೀರಿಕೊಂಡರು. ದೇಶದ ನಾಯಕರನ್ನು ಚಿತ್ರಿಸಿದವರಿಗೇ ಇಷ್ಟು ತಡ!

ಅತ್ತೆಗೆ ಯಾವ ಪತ್ರಿಕೆಯೂ ಇರಲಿಲ್ಲ. ಚಿತ್ರಗಳ ಹಿಂಬದಿಯಲ್ಲಿ ಊರು, ತಾರೀಖು, ನಿಂತವರ ಹೆಸರು ಎಲ್ಲವನ್ನೂ ದುಂಡನೆಯ ಅಕ್ಷರದಲ್ಲಿ ಬರೆದಿದ್ದಾರೆ. ತಮ್ಮ ಹೆಸರು ಎಲ್ಲೂ ಇಲ್ಲ. ಈ ಲೇಖನಕ್ಕೆಂದು ಆಲ್ಬಮನ್ನು ಮತ್ತೆ ನೋಡುವಾಗ ಜುಹು ಕಡಲತೀರದ ಚಿತ್ರವೊಂದರಲ್ಲಿ ಕಣ್ಣು ನಿಂತಿತು. ಡಬ್ಬಿ ಕ್ಯಾಮೆರಾದ ಮೊದಲ ಪಾಠ, ಸೂರ್ಯ ಬೆನ್ನಿಗಿರಬೇಕು ಎನ್ನುವುದು. ಅತ್ತೆ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಾರೆ. ಸಾಲಾಗಿ ನಿಂತ ನಮ್ಮ ಕಾಲಬುಡದವರೆಗೆ ಮರಳಿನ ಮೇಲೆ ಉದ್ದನೆಯ ನೆರಳು ಚಾಚಿದೆ: ಗಾಳಿಗೆ ಹಾರುವ ಸೆರಗು, ಮುಖದ ಹತ್ತಿರ ಎತ್ತಿ ಹಿಡಿದ ಎರಡೂ ಕೈ. ಇಷ್ಟು ವರ್ಷ ಅದನ್ನು ಚಿತ್ರದ ದೋಷ ಎಂದುಕೊಂಡಿದ್ದೆ.