ಊಸರವಳ್ಳಿಗಳಲ್ಲಿ ರುಚಿ ಮತ್ತು ವಾಸನೆಯ ಗ್ರಹಣ

ಊಸರವಳ್ಳಿ ಅಥವಾ ಗೋಸುಂಬೆ ಎಂಬುದು ಕಮೇಲಿಯೊನಿಡೇ ಕುಟುಂಬಕ್ಕೆ ಸೇರಿದ, ಬಹುಮಟ್ಟಿಗೆ ಮರಗಳಲ್ಲಿ ವಾಸಿಸುವ ಹಲ್ಲಿಗಳ ಸಾಮಾನ್ಯ ಹೆಸರು. ಬಣ್ಣ ಬದಲಿಸುವುದರಿಂದ ಓತಿಕ್ಯಾತವನ್ನೂ ಕೆಲವರು ಊಸರವಳ್ಳಿ ಎಂದು ಕರೆಯುವುದುಂಟು. ಆದರೆ ಅದು ಬೇರೊಂದು ಕುಟುಂಬಕ್ಕೆ ಸೇರಿದೆ. ಊಸರವಳ್ಳಿಯು ಆಹಾರವನ್ನು ಮುಖ್ಯವಾಗಿ ಕಣ್ಣಿನಿಂದ ಗುರುತಿಸುತ್ತದೆ. ಅದಕ್ಕೆ ರುಚಿಯ ಅರಿವು ಮಿತವಾಗಿದ್ದು, ವಾಸನೆಯ ಅರಿವು ದುರ್ಬಲವಾಗಿದೆ.

ದೃಷ್ಟಿಯ ಪ್ರಾಧಾನ್ಯ

ಊಸರವಳ್ಳಿಯ ಎರಡು ಕಣ್ಣುಗಳೂ ಒಂದರ ಹಂಗಿಲ್ಲದೆ ಇನ್ನೊಂದು ತಿರುಗಬಲ್ಲವು. ಚಲಿಸುವ ಕೀಟವು ಕಂಡೊಡನೆ ಎರಡೂ ಕಣ್ಣುಗಳು ಅದರತ್ತ ನೆಡುತ್ತವೆ. 1977ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಊಸರವಳ್ಳಿಗಳ ಕಣ್ಣಿನ ಮುಂದೆ ಮಸೂರಗಳನ್ನು ಇರಿಸಿದಾಗ ಅವು ದೂರವನ್ನು ತಪ್ಪಾಗಿ ಅಂದಾಜಿಸಿದವು. ದೂರವನ್ನು ಅಳೆಯಲು ಅವು ಕಣ್ಣಿನ ಮಸೂರದ ಹೊಂದಾಣಿಕೆಯನ್ನು ಬಳಸುತ್ತವೆ ಎಂಬುದು ಇದರಿಂದ ತಿಳಿದುಬಂದಿತು. ನಾಲಗೆಯನ್ನು ಚಿಮ್ಮಿಸುವ ನಿರ್ಧಾರದಲ್ಲಿ ವಾಸನೆಗೆ ಹೆಚ್ಚಿನ ಪಾತ್ರವಿಲ್ಲ.

ವಾಸನೆ

ಹಾವು ಮತ್ತು ಉಡಗಳು ನಾಲಗೆಯನ್ನು ಹೊರಚಾಚಿ ವಾಸನೆಯ ಕಣಗಳನ್ನು ಸಂಗ್ರಹಿಸಿ, ಬಾಯಿಯ ಮೇಲ್ಭಾಗದಲ್ಲಿರುವ ಜೇಕಬ್‌ಸನ್ ಅಂಗಕ್ಕೆ ತಲುಪಿಸುತ್ತವೆ. ಊಸರವಳ್ಳಿಗಳಲ್ಲಿ ಈ ಅಂಗವು ತೀರ ಕ್ಷೀಣಿಸಿದೆ ಅಥವಾ ಇಲ್ಲವಾಗಿದೆ. ಅವುಗಳ ನಾಲಗೆಯು ಬೇಟೆಯ ಸಾಧನವಾಗಿ ಮಾರ್ಪಟ್ಟಿದೆ. ಅದರ ತುದಿಯ ಲೋಳೆಯು ಮನುಷ್ಯನ ಜೊಲ್ಲಿಗಿಂತ ಸುಮಾರು 400 ಪಟ್ಟು ಸ್ನಿಗ್ಧವಾಗಿರುವುದಾಗಿ 2016ರ ಅಧ್ಯಯನವೊಂದು ತಿಳಿಸಿದೆ.

ರುಚಿ

ಊಸರವಳ್ಳಿಯ ಬಾಯಿಯಲ್ಲಿ ರುಚಿಮೊಗ್ಗುಗಳಿವೆ. ಆದರೆ ಅವುಗಳ ಸಂಖ್ಯೆ ಕಡಿಮೆ. ಕೀಟವು ನಾಲಗೆಗೆ ಅಂಟಿ ಬಾಯಿಗೆ ಬಂದ ಬಳಿಕವೇ ಅದರ ರುಚಿ ತಿಳಿಯುತ್ತದೆ. ಹಿಡಿಸದ ಕೀಟವನ್ನು ಉಗುಳುವುದೂ ಉಂಟು. ಆದುದರಿಂದ ರುಚಿಯು ಆಹಾರವನ್ನು ಹುಡುಕುವ ಸಾಧನವಲ್ಲ, ನುಂಗುವ ಮೊದಲಿನ ಕೊನೆಯ ಪರೀಕ್ಷೆ.

ಈ ಪರೀಕ್ಷೆಯನ್ನು ಪೂರ್ಣವಾಗಿ ನಂಬುವಂತಿಲ್ಲ. ಸಾಕಿದ ಹಲ್ಲಿಗಳಾದ ಬಿಯರ್ಡೆಡ್ ಡ್ರ್ಯಾಗನ್‌ಗಳು ಅಮೆರಿಕದ ಮಿಂಚುಹುಳುಗಳನ್ನು ತಿಂದು ಸತ್ತಿರುವುದು ದಾಖಲಾಗಿದೆ. ತನ್ನ ಮೂಲ ನೆಲೆಯಲ್ಲಿ ಎದುರಾಗದ ವಿಷವನ್ನು ಪ್ರಾಣಿಯು ಗುರುತಿಸದೆ ಹೋಗಬಹುದು.

ಸಾಕಣೆಯಲ್ಲಿ ಇದರ ಮಹತ್ವ

ವಿದೇಶಗಳಲ್ಲಿ ಯೆಮನ್ ಹಾಗೂ ಸೌದಿ ಅರೇಬಿಯ ಮೂಲದ ವೇಲ್ಡ್ ಊಸರವಳ್ಳಿ, ಮಡಗಾಸ್ಕರ್ ಮೂಲದ ಪ್ಯಾಂಥರ್ ಊಸರವಳ್ಳಿಗಳನ್ನು ಹೆಚ್ಚಾಗಿ ಸಾಕುತ್ತಾರೆ. ಅವುಗಳ ಪಾಲನೆಯಲ್ಲಿ ಈ ಅಂಶಗಳು ಮುಖ್ಯವಾಗಿವೆ:

• ಆಹಾರದ ಕೀಟವು ಜೀವಂತವಾಗಿದ್ದು, ಚಲಿಸುತ್ತಿರಬೇಕು. ನಿಶ್ಚಲವಾದ ಸತ್ತ ಕೀಟವು ಸಾಮಾನ್ಯವಾಗಿ ಅದರ ಗಮನ ಸೆಳೆಯದು.
• ಹೊರಗಿನಿಂದ ಹಿಡಿದು ತಂದ ಅಪರಿಚಿತ ಕೀಟಗಳನ್ನು ಕೊಡಬಾರದು.
• ವೇಲ್ಡ್ ಊಸರವಳ್ಳಿಯು ಎಲೆಗಳನ್ನೂ ತಿನ್ನುವುದರಿಂದ ಪಂಜರದಲ್ಲಿ ವಿಷರಹಿತ ಗಿಡಗಳನ್ನಷ್ಟೇ ಇಡಬೇಕು.
• ಆಹಾರ ತಿನ್ನದಿರುವುದನ್ನು ರುಚಿಯ ಹಟವೆಂದು ಭಾವಿಸಬಾರದು. ಉಷ್ಣತೆಯ ಕೊರತೆ, ನಿರ್ಜಲೀಕರಣ, ಕಾಯಿಲೆ, ಕಣ್ಣಿನ ತೊಂದರೆ ಅಥವಾ ಹೆಣ್ಣಿನಲ್ಲಿ ಮೊಟ್ಟೆಯ ಬೆಳವಣಿಗೆ ಅದಕ್ಕೆ ಕಾರಣವಾಗಿರಬಹುದು. ಕಣ್ಣು ಕೆಟ್ಟ ಊಸರವಳ್ಳಿಗೆ ವಾಸನೆಯಿಂದ ಆಹಾರ ಹುಡುಕಿಕೊಳ್ಳುವುದು ಕಷ್ಟ. ಹಗಲಿನಲ್ಲಿಯೂ ಕಣ್ಣು ಮುಚ್ಚಿಕೊಂಡಿದ್ದರೆ ಪಶುವೈದ್ಯರಿಗೆ ಬೇಗನೆ ತೋರಿಸಬೇಕು.

ಭಾರತದಲ್ಲಿ

ಕರ್ನಾಟಕವೂ ಸೇರಿದಂತೆ ಭಾರತದ ಹಲವೆಡೆ ಮತ್ತು ಶ್ರೀಲಂಕಾದಲ್ಲಿ ಕಂಡುಬರುವ ಭಾರತೀಯ ಊಸರವಳ್ಳಿಯ ವೈಜ್ಞಾನಿಕ ಹೆಸರು ಕಮೇಲಿಯೊ ಝೆಯ್ಲಾನಿಕಸ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಇದಕ್ಕೆ ರಕ್ಷಣೆ ನೀಡಿದ್ದು, ಇದನ್ನು ಹಿಡಿಯುವುದು ಮತ್ತು ಮಾರುವುದು ಅಪರಾಧವಾಗಿದೆ.