ಎರೆನೆಲದ ಗಾಲಿ: ಬಂಡಿಯಿಂದ ಟ್ರ್ಯಾಕ್ಟರ್‌ವರೆಗೆ

ಯಾದಗಿರಿ ಸೀಮೆಯಲ್ಲಿ ವಾಹನವನ್ನು ಊರಲ್ಲೇ ಕಟ್ಟಿ ತಿದ್ದುವ ಕಸಬು ಎತ್ತಿನ ಬಂಡಿಯಷ್ಟೇ ಹಳೆಯದು. ಬಡಿಗ ಜಾಲಿಯಂಥ ಗಟ್ಟಿ ಕಟ್ಟಿಗೆಯಲ್ಲಿ ಗುಂಬ, ಅರೆಗಳನ್ನು ಜೋಡಿಸಿ ಗಾಲಿ ಮಾಡಿದರೆ, ಕಂಬಾರ ಅದಕ್ಕೆ ಹಳಿ ಏರಿಸುತ್ತಿದ್ದ. ಗಾಲಿಗಿಂತ ತುಸು ಚಿಕ್ಕದಾದ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ, ಹಿಗ್ಗಿದಾಗ ತೊಡಿಸಿ ನೀರು ಸುರಿದರೆ ಅದು ಕುಗ್ಗಿ ಕೀಲುಗಳನ್ನೆಲ್ಲ ಬಿಗಿಯುತ್ತಿತ್ತು.

1871ರಲ್ಲಿ ಮುಂಬಯಿ ಮತ್ತು ಮದ್ರಾಸಿನ ರೈಲು ಹಳಿಗಳು ರಾಯಚೂರಿನಲ್ಲಿ ಕೂಡಿದವು. ಆ ಮಾರ್ಗ ಯಾದಗಿರಿಯನ್ನು ಮುಟ್ಟಿತು. ಶಹಾಪುರ, ಸುರಪುರಗಳು ಹೊರಗುಳಿದವು. ಅಲ್ಲಿಯ ಮಾಲು ನಿಲ್ದಾಣ ಸೇರಲು ಬಂಡಿ ಬೇಕೇ ಬೇಕಾಗಿತ್ತು. ಆದರೆ ಮಳೆಗಾಲದ ಎರೆಮಣ್ಣಿನಲ್ಲಿ ಬಂಡಿಗಾಲಿಯ ಕಿರಿದಾದ ಹಳಿ ಹೂತುಹೋಗುತ್ತಿತ್ತು. ಭಾರತದಲ್ಲಿ 1930ರ ದಶಕದಲ್ಲಿ ಕಾಣಿಸಿಕೊಂಡ ರಬ್ಬರ್ ಟೈರ್ ಬಂಡಿ ಮುಂದೆ ಬಳಕೆಗೆ ಬಂದಂತೆ, ಗಾಲಿ ಬಡಿಗನ ಕೈಯಿಂದ ಜಾರಿತು.

ದೊಡ್ಡ ಬದಲಾವಣೆ ತಂದದ್ದು ಕೃಷ್ಣೆಯ ನೀರು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಅಡಿಗಲ್ಲು ಬಿತ್ತು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಹೊಲಗಳಿಗೆ ನೀರುಣಿಸಿದಾಗ ಜೋಳ ಬೆಳೆಯುತ್ತಿದ್ದ ಕಡೆ ಭತ್ತ ಬಂತು. ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರಿನ ರಬ್ಬರ್ ಟೈರ್ ಹೂತು ಜಾರುತ್ತದೆ. ಅದಕ್ಕೆ ಪರಿಹಾರ ಕೇಜ್ ವ್ಹೀಲ್: ಕಬ್ಬಿಣದ ಬಳೆಗಳಿಗೆ ಅಡ್ಡಪಟ್ಟಿಗಳನ್ನು ವೆಲ್ಡ್ ಮಾಡಿದ ಗಾಲಿ. ಹಿಂದಿನ ಟೈರಿಗೆ ಹೊಂದಿಸಿಯೋ ಅದರ ಬದಲಿಗೋ ಕೂಡಿಸಿದರೆ ಅದು ಭಾರವನ್ನು ಹರಡುತ್ತದೆ, ಕೆಸರನ್ನು ಕಲಸುತ್ತದೆ, ನೀರು ಬೇಗ ಇಂಗದಂತೆ ಮಾಡುತ್ತದೆ. ಕಂಬಾರನ ಕುಲುಮೆಯ ಕೆಲಸ ಹೀಗೆ ವೆಲ್ಡಿಂಗ್ ಅಂಗಡಿಗೆ ದಾಟಿತು.

ಗಾಲಿ ಜಾರದಂತೆ ತಡೆಯುವ ಈ ಗುರಿಗೆ ತಿರುಗುಮುರುಗಾದದ್ದು 1970ರ ದಶಕದಲ್ಲಿ ಜಪಾನಿನಲ್ಲಿ ಬೆಳೆದ ಡ್ರಿಫ್ಟಿಂಗ್, ಎಂದರೆ ಕಾರನ್ನು ಬೇಕೆಂದೇ ಜಾರಿಸುತ್ತ ಓಡಿಸುವ ಆಟ. ಅಲ್ಲಿ ಹಿಂದಿನ ಗಾಲಿ ಜಾರಲೇಬೇಕು. ಆದರೂ ಉಪಾಯ ಒಂದೇ. ಎರಡೂ ಹಿಂಗಾಲಿಗಳು ಒಟ್ಟಿಗೆ ತಿರುಗಲೆಂದು ಮನೆಯಲ್ಲೇ ಕಾರು ಕಟ್ಟುವವರು, ಅವು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಗೇರುಗಳನ್ನು ಬೆಸೆಯುತ್ತಾರೆ. ಕೆಸರಿನಿಂದ ಪಾರಾಗಲು ಟ್ರ್ಯಾಕ್ಟರ್ ಚಾಲಕ ಅದೇ ಕೆಲಸಕ್ಕೆ ಡಿಫರೆನ್ಷಿಯಲ್ ಲಾಕ್ ಒತ್ತುತ್ತಾನೆ.

ಇಂಥ ತಿದ್ದುಪಾಟಿಗೆ ಮಿತಿಯೂ ಉಂಟು. ನೋಂದಣಿಯಾದ ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕೇಜ್ ವ್ಹೀಲ್ ಕಳಚಿಡುವ ಸಾಧನವಾದರೂ ಅದರ ಪಟ್ಟಿಗಳು ಡಾಂಬರನ್ನು ಕಿತ್ತುಹಾಕುತ್ತವೆ. ಗದ್ದೆಗೆ ಸಲ್ಲುವ ಗಾಲಿ ರಸ್ತೆಗೆ ಸಲ್ಲದು. ಅದನ್ನು ಬಿಚ್ಚಿ ಟ್ರೇಲರಿನಲ್ಲಿ ಒಯ್ಯುವುದೇ ಸರಿಯಾದ ಕ್ರಮ.