ಕಾಡು ಕಡಿದ ಕೈ ಯಾರದು? ಮೂರು ಕಾದಂಬರಿಗಳಲ್ಲಿ ಪರಿಸರನಾಶ ಮತ್ತು ಆಧುನಿಕತೆ

ಪರಿಸರನಾಶವನ್ನು ಕುರಿತ ಕನ್ನಡ ವಿಮರ್ಶೆ ಹಲವೊಮ್ಮೆ ಪ್ರಕೃತಿ–ಯಂತ್ರ, ಹಳ್ಳಿ–ಪಟ್ಟಣ ಎಂಬ ದ್ವಂದ್ವಗಳನ್ನು ನೆಚ್ಚಿಕೊಳ್ಳುತ್ತದೆ. ಪಶ್ಚಿಮಘಟ್ಟದ ಮೂರು ಕಾದಂಬರಿಗಳನ್ನು ಒಟ್ಟಿಗೆ ಓದಿದರೆ ಈ ವಿಭಜನೆ ನಿಲ್ಲುವುದಿಲ್ಲ. ಕಾಡನ್ನು ಮಾರ್ಪಡಿಸುವ ಕರ್ತೃ ಒಂದೊಂದರಲ್ಲೂ ಬೇರೆ ಎಂಬುದು ಈ ಲೇಖನದ ವಾದ.

ಶಿವರಾಮ ಕಾರಂತರ ‘ಬೆಟ್ಟದ ಜೀವ’ದಲ್ಲಿ (1943) ಆ ಕರ್ತೃ ಸ್ವತಃ ಕೃಷಿಕ. ಕುಮಾರಪರ್ವತದ ತಪ್ಪಲಲ್ಲಿ ಗೋಪಾಲಯ್ಯ ಕಾಡು ಸವರಿ ಅಡಿಕೆ ತೋಟ ಎಬ್ಬಿಸುತ್ತಾರೆ. ಹುಲಿ, ಆನೆಗಳ ಕಾಟದ ನಡುವಿನ ಈ ಸಾಹಸವನ್ನು ಕಾದಂಬರಿ ಮೆಚ್ಚುತ್ತದೆ. ಆದರೆ ತೋಟಕ್ಕೆ ವಾರಸುದಾರನಾಗಬೇಕಿದ್ದ ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಕಾಡನ್ನು ಗೆದ್ದವನಿಗೆ ಕಾಲವನ್ನು ಗೆಲ್ಲಲಾಗಿಲ್ಲ.

ನಾ. ಡಿಸೋಜರ ‘ದ್ವೀಪ’ದಲ್ಲಿ ಕರ್ತೃತ್ವ ಪ್ರಭುತ್ವದ ಕೈಗೆ ಹೋಗುತ್ತದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಸಾಗರ, ಹೊಸನಗರ ಸೀಮೆಯ ಊರುಗಳು ಮುಳುಗಿದವು. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ಡಿಸೋಜರಿಗೆ ಮುಳುಗಡೆ ಒಳಗಿನಿಂದ ಗೊತ್ತು. ಹಾಗಾಗಿ ಇಲ್ಲಿ ಖಳನಾಯಕನಿಲ್ಲ. ಏರುವ ಹಿನ್ನೀರಿದೆ, ಕಾಗದಪತ್ರಗಳಲ್ಲಿ ನಡೆಯುವ ಪರಿಹಾರವಿದೆ. ನೀರು ಸುತ್ತುವರಿದ ಮನೆಯಲ್ಲಿ ಗಣಪಯ್ಯ, ನಾಗವೇಣಿ ದಂಪತಿಯ ನಡುವೆ ಸಂಶಯ ಬೆಳೆಯುತ್ತದೆ. ಜಮೀನಿನ ನಷ್ಟಕ್ಕೆ ಬೆಲೆ ಕಟ್ಟುವ ಕಚೇರಿಗೆ ದಾಂಪತ್ಯದ ಈ ನಷ್ಟವನ್ನು ನಮೂದಿಸಲು ಅಂಕಣವೇ ಇಲ್ಲ.

ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ದಲ್ಲಿ (1985) ಕರ್ತೃವನ್ನು ಗುರುತಿಸುವುದೇ ಕಷ್ಟ. ಕೆಸರೂರಿನಲ್ಲಿ ಏಲಕ್ಕಿ ಇಳುವರಿ ಕುಸಿದಿದೆ; ಸಂಶೋಧಕ ಜೋಗಿಹಾಳರ ಸಾವಿನ ತನಿಖೆಗೆ ಅಧಿಕಾರಿ ಅಂಗಾಡಿ ಬಂದಿದ್ದಾನೆ. ಪತ್ತೇದಾರಿ ಚೌಕಟ್ಟು ಒಬ್ಬ ಅಪರಾಧಿಯನ್ನು ಬೇಡುತ್ತದೆ. ಕಥನವಾದರೋ ಲಾಭಕೋರತನ, ಜಾತಿ–ಮತದ ಜಗಳ, ಹಾಳಾದ ಕಾಡು ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತದೆ. ಕಾದಂಬರಿಯ ಕೊನೆಯಲ್ಲಿ ಹೊತ್ತುವ ಬೆಂಕಿಗೆ ಒಬ್ಬನನ್ನೇ ಹೊಣೆಯಾಗಿಸಲು ಬರುವುದಿಲ್ಲ. ಗಮನಿಸಬೇಕಾದ್ದೆಂದರೆ, ತೇಜಸ್ವಿಯವರು ಆಧುನಿಕತೆಯನ್ನು ಸಾರಾಸಗಟಾಗಿ ತಿರಸ್ಕರಿಸಿದವರಲ್ಲ. ‘ಕರ್ವಾಲೊ’ದಲ್ಲಿ (1980) ಹಾರುವ ಓತಿಯ ಹುಡುಕಾಟದ ಮೂಲಕ ವಿಜ್ಞಾನವೇ ಕಾಡಿನತ್ತ ಬೆರಗು ಹುಟ್ಟಿಸುತ್ತದೆ.

ಕೃಷಿಕ, ಪ್ರಭುತ್ವ, ಇಡೀ ಸಮಾಜ: ಹೊಣೆ ಹೀಗೆ ಹಂತಹಂತವಾಗಿ ಹಿಗ್ಗಿದೆ. ಆದ್ದರಿಂದ ಇವನ್ನು ಕಳೆದುಹೋದ ಮಲೆನಾಡಿನ ಹಂಬಲವಾಗಿ ಓದುವುದು ಸಾಲದು. ಕಾಡಿನ ಬದಲಾವಣೆಯಿಂದ ಯಾರಿಗೆ ಲಾಭ, ಅದರ ಬೆಲೆ ತೆತ್ತವರು ಯಾರು ಎಂಬ ಪ್ರಶ್ನೆಗಳಿಂದಲೇ ಕನ್ನಡದ ಪರಿಸರ ವಿಮರ್ಶೆ ಆರಂಭವಾಗಬೇಕು.